ಹಾಡಿಗೊಂದು ಟಿಕೆಟ್ ಕೌಂಟರ್

ಉಡುಪಿ ಜಿಲ್ಲೆಯ ನಮ್ಮ ಇನ್ನಂಜೆಗೆ ಒಂದೇ ಒಂದು ಕೊರತೆ ಉಳಿದಿದೆ. ರೈಲು ನಿಲ್ದಾಣ ಇದೆ. ದೂರದ ರೈಲುಗಳು ಹೆಚ್ಚಿನವು ಸೀಟಿ ಹೊಡೆದು ಹಾಗೆಯೇ ಹೋಗುತ್ತವೆ ಎಂಬುದು ಬೇರೆ ಮಾತು. ಪಕ್ಕದ ಶಂಕರಪುರದಲ್ಲಿ ಮಲ್ಲಿಗೆ ಇದೆ. ಹಾಡಿ, ಗುಡ್ಡೆ, ಬನಗಳೂ ಅಲ್ಲೊಂದು ಇಲ್ಲೊಂದು ಉಳಿದುಕೊಂಡಿವೆ. ಇಲ್ಲದಿರುವುದು, ಆ ಹಾಡಿಯೊಳಗೆ ಬಿದ್ದ ಕೊಂಬೆ, ಒಣಗಿದ ಬೀಳಲು, ತೆಂಗಿನ ಮಡಲು ಜೋಡಿಸಿ ನಿಲ್ಲಿಸಿದ, ಜನ ಮುಟ್ಟಿ, ತಟ್ಟಿ, ಒಳಗೆ ನುಸುಳಿ ಆನಂದಿಸಬಹುದಾದ ‘ಇಂಟರಾಕ್ಟಿವ್ ಇನ್‌ಸ್ಟಲೇಶನ್’ ಮಾತ್ರ. ಈ ಕೊರತೆ ನೀಗಿಸಲು ಯೋಜನೆಯೊಂದನ್ನು ತಯಾರಿಸಿದ್ದೇನೆ. ಊರಿನ ಹತ್ತು ಸಮಸ್ತರು ಸಹಕರಿಸಬೇಕು.

ಇದು ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಡೆನ್ಮಾರ್ಕಿನ ಥಾಮಸ್ ಡಾಂಬೊ ಎಂಬ ಕಲಾವಿದ ಬಿಸಾಡಿದ ಹಲಗೆಗಳಿಂದ ರಾಕ್ಷಸಾಕಾರಗಳನ್ನು ಕಟ್ಟಿ ಕಾಡುಗಳಲ್ಲಿ ಕೂರಿಸುತ್ತಾನೆ. 2018ರಲ್ಲಿ ಅಮೆರಿಕದ ಬ್ರೆಕೆನ್‌ರಿಜ್ ಎಂಬ ಬೆಟ್ಟದೂರಿನಲ್ಲಿ ಒಂದನ್ನು ಕೂರಿಸಿದ. ನೋಡಲು ಜನ ಮುಗಿಬಿದ್ದರು, ಅಕ್ಕಪಕ್ಕದ ಮನೆಯವರು ದೂರು ಕೊಟ್ಟರು, ಅದೇ ವರ್ಷ ಅದನ್ನು ಬಿಚ್ಚಿ ತೆಗೆದು ಮರುವರ್ಷ ಬೇರೆ ಕಡೆ ಕೂರಿಸಬೇಕಾಯಿತು. ಅವರಿಗೆ ಅನುಭವ ಸಾಲದು. ನಮ್ಮಲ್ಲಾಗಿದ್ದರೆ ಮೊದಲ ವಾರ ಚರುಮುರಿ ಗಾಡಿ, ಎರಡನೇ ವಾರ ಗೋಳಿಸೋಡಾ, ಮೂರನೇ ವಾರಕ್ಕೆ ಕಾಣಿಕೆ ಡಬ್ಬಿ ಬರುತ್ತಿತ್ತು. ಕಾಣಿಕೆ ಡಬ್ಬಿ ಬಂದ ಮೇಲೆ ತೆಗೆಯುವ ಧೈರ್ಯ ಯಾರಿಗಿದೆ?

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. 2024ರಲ್ಲಿ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಲಂಟಾನ ಕಡ್ಡಿಯ ಆನೆಗಳ ಹಿಂಡೇ ನಿಂತಿತ್ತು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರ ಕೈಕೆಲಸ. ಬ್ರಿಟಿಷರ ಕಾಲದಲ್ಲಿ ತೋಟದ ಚಂದಕ್ಕೆಂದು ಬಂದ ಲಂಟಾನ ಕಾಡನ್ನೇ ನುಂಗಿತು, ಆನೆಯ ಮೇವಿಗೂ ಕುತ್ತು ತಂದಿತು. ಕೊನೆಗೆ ಅದೇ ಕಳೆಯಿಂದ ಆನೆ ಮಾಡಿ ನಿಲ್ಲಿಸಿದ್ದಾಯಿತು. ಸೋಲಿಗರ ಕೈಚಳಕಕ್ಕೆ ನೂರು ಅಂಕ. ನಮಗೂ ಅನುಕೂಲವೇ: ಈ ಆನೆ ಗದ್ದೆಗೆ ಇಳಿಯುವುದಿಲ್ಲ, ಪರಿಹಾರ ಕೇಳಿ ಅರ್ಜಿ ಬರೆಯಬೇಕಾಗಿಲ್ಲ, ಸೆಲ್ಫಿಗೆ ಬೆನ್ನು ತಿರುಗಿಸಿದರೂ ಅಪಾಯವಿಲ್ಲ.

ಇನ್ನಂಜೆಯವರು ಕೇಳಬಹುದು, ಇದೆಲ್ಲ ನಮ್ಮಲ್ಲಿ ಇರಲಿಲ್ಲವೇ ಎಂದು. ಇತ್ತು, ಆದರೆ ಗುಣಮಟ್ಟದ್ದಲ್ಲ. ಕಾಪುವಿನ ಪಿಲಿಕೋಲವನ್ನೇ ನೋಡಿ. ಎರಡು ವರ್ಷಕ್ಕೊಮ್ಮೆ ಎಳೆ ತೆಂಗಿನ ಸಿರಿಯಿಂದ ಒಲಿಗುಂಡ ಎಂಬ ಗೂಡು ಕಟ್ಟುತ್ತಾರೆ. ಅದರೊಳಗಿಂದ ಹುಲಿದೈವ ಹಾರಿ ಬಂದು ನೆರೆದವರನ್ನು ಅಟ್ಟಿಸಿಕೊಂಡು ಹೋಗುತ್ತದೆ. ಮುಟ್ಟಿಸಿಕೊಂಡವರಿಗೆ ಕೇಡು ಎಂದು ನಂಬಿಕೆ, ಹಾಗಾಗಿ ಜನ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ. ಇದಕ್ಕಿಂತ ‘ಇಂಟರಾಕ್ಟಿವ್’ ಇನ್ನೇನು ಬೇಕು ಎನ್ನಬೇಡಿ. ಕಲಾವಿದನ ಹೇಳಿಕೆ ಎಲ್ಲಿದೆ? ಕ್ಯೂಆರ್ ಕೋಡ್ ಎಲ್ಲಿದೆ?

ನಾಗಮಂಡಲದ್ದೂ ಅದೇ ಕಥೆ. ಅರಸಿನಕ್ಕೆ ಸುಣ್ಣ ಬೆರೆಸಿ ಕೆಂಪು, ಎಲೆ ಒಣಗಿಸಿ ಪುಡಿಮಾಡಿ ಹಸಿರು, ಭತ್ತದ ಹೊಟ್ಟು ಸುಟ್ಟು ಕಪ್ಪು ಮಾಡಿ ನೆಲದ ಮೇಲೆ ಗಂಟೆಗಟ್ಟಲೆ ಬಗ್ಗಿ ಮಂಡಲ ಬರೆಯುತ್ತಾರೆ. ರಾತ್ರಿ ವೈದ್ಯರೆಂಬ ನರ್ತಕರೂ ನಾಗ ಮೈಮೇಲೆ ಬರುವ ಪಾತ್ರಿಯೂ ಅದರ ಮೇಲೆಯೇ ಕುಣಿಯುತ್ತಾರೆ. ಬೆಳಗಾದರೆ ಮಂಡಲ ಮಂಗಮಾಯ, ಪುಡಿ ಪ್ರಸಾದ. ಒಂದು ವರ್ಷವಾದರೂ ಗ್ಯಾಲರಿಯಲ್ಲಿ ಇಟ್ಟು ವಿಮೆ ಮಾಡಿಸೋಣ ಎಂಬ ಬುದ್ಧಿ ಬೇಡವೇ? ಶಂಕರಪುರದ ಹೆಂಗಸರು ಬಾಳೆನಾರಿನಲ್ಲಿ 800 ಮಲ್ಲಿಗೆಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಎಂದು ಕಟ್ಟುತ್ತಲೇ ಇದ್ದಾರೆ. ಒಬ್ಬರೂ ಅದನ್ನು ನಾರಿನ ಕಲೆ ಎಂದು ಕರೆದುಕೊಂಡಿಲ್ಲ. ನನ್ನ ಯೋಜನೆಯನ್ನು ಹೂ ಕಟ್ಟುತ್ತಿದ್ದ ಒಬ್ಬ ಅಜ್ಜಿಗೆ ವಿವರಿಸಿದೆ. ತಲೆ ಎತ್ತದೆ ಕೇಳಿದರು: “ಮರ ಮುಟ್ಲಿಕ್ಕೆ ದುಡ್ಡು ಎಂತಕ್ಕೆ ಮಗಾ?” ಹಿಂದುಳಿದ ಆಲೋಚನೆ.

ಅಜ್ಜಿಯ ಕಾಲದ ನಾಗಬನಗಳನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಹಾಲೆ, ರೆಂಜೆ, ಸುರಹೊನ್ನೆ ಮರಗಳು, ಮೇಲಿಂದ ಇಳಿಬಿದ್ದ ತೊಡೆ ದಪ್ಪದ ಬಳ್ಳಿ, ಕಾಲಿಟ್ಟಲ್ಲೆಲ್ಲ ತರಗೆಲೆ, ಮಧ್ಯಾಹ್ನವೂ ಕತ್ತಲೆ. ಕೊಂಬೆ ಬಿದ್ದರೂ ಹೆಕ್ಕುವಂತಿರಲಿಲ್ಲ. ಅದಕ್ಕೇ ನಾವು ಕರಾವಳಿಯ ಉದ್ದಕ್ಕೂ ಜೀರ್ಣೋದ್ಧಾರ ಮಾಡಿದೆವು. ಜೀರ್ಣವಾಗಿದ್ದ ಮರಗಳು ಹೋದವು, ಉದ್ಧಾರವಾದ ಗ್ರಾನೈಟ್ ಬಂತು. ಈಗ ನಾಗನ ಕಲ್ಲಿಗೆ ಪಾಲಿಶ್ ಮಾಡಿದ ಕಟ್ಟೆ, ಸುತ್ತ ಸ್ಟೀಲಿನ ಗ್ರಿಲ್, ಅಂಗಳಕ್ಕೆಲ್ಲ ಇಂಟರ್‌ಲಾಕ್, ದಾನಿಗಳ ಹೆಸರು ನಾಗನ ಹೆಡೆಗಿಂತ ದೊಡ್ಡದಾಗಿ. ಏಪ್ರಿಲ್ ತಿಂಗಳ ಮಧ್ಯಾಹ್ನ ಹನ್ನೆರಡು ಗಂಟೆಗೆ ನಾಗನಿಗೆ ತನು ಎರೆಯಲು ಬರಿಗಾಲಲ್ಲಿ ಬಂದ ಭಕ್ತರು ಆ ಇಂಟರ್‌ಲಾಕಿನ ಮೇಲೆ ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ಹಾರುವುದನ್ನು ನೋಡಬೇಕು. ಪಾತ್ರಿಯೇ ಬೇಡ. ಬಿಸಿಲು ತಡೆಯಲು ಮೇಲೆ ತಗಡಿನ ಶೀಟ್ ಹಾಕಿಸುವ ಬಗ್ಗೆ ಸಮಿತಿಯ ಮುಂದಿನ ಸಭೆಯಲ್ಲಿ ಚರ್ಚೆ ಇದೆ. ಮರ ನೆಡುವ ಸಲಹೆ ಬಂದಿತ್ತಂತೆ. ಎಲೆ ಬಿದ್ದು ಟೈಲ್ಸ್ ಹಾಳಾಗುತ್ತದೆ ಎಂದು ತಿರಸ್ಕೃತವಾಯಿತು.

ಮೊದಲು ಇದ್ದದ್ದನ್ನು ಕಳೆದುಕೊಳ್ಳಬೇಕು, ಆಮೇಲೆ ಟಿಕೆಟ್ ತೆಗೆದು ನೋಡಬೇಕು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಈ ಸತ್ಯವನ್ನು ಬೇಗ ಕಂಡುಕೊಂಡಿದ್ದರು. ಜನ ಕೆಡವಲು ಹೊರಟಿದ್ದ ಹಳೆ ಮನೆಗಳ ತೊಲೆ, ಕಂಬ, ಬಾಗಿಲುಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದ ಹೆರಿಟೇಜ್ ವಿಲೇಜಿನಲ್ಲಿ ಮತ್ತೆ ನಿಲ್ಲಿಸಿದರು. ಅಜ್ಜನ ಮನೆಯನ್ನು ಸೌದೆಯ ರೇಟಿಗೆ ಕೊಟ್ಟು ಆರ್‌ಸಿಸಿ ಎಬ್ಬಿಸಿದ ನಾವು ಅಲ್ಲಿಗೆ ಹೋಗಿ, “ಅಬ್ಬ, ಎಂಥಾ ಬಾಗಿಲು ಮಾರಾಯ್ರೆ!” ಎಂದು ಫೋಟೋ ಹೊಡೆಸಿಕೊಳ್ಳುತ್ತೇವೆ. ಮನೆಗೆ ಆದದ್ದು ಕಾಡಿಗೂ ಆಗಬೇಡವೇ?

ಕಚ್ಚಾವಸ್ತುವಿಗೆ ಬರವಿಲ್ಲ. ಹೆದ್ದಾರಿ 66 ಅಗಲವಾದಾಗ ಸಾಲುಮರ ಬಿದ್ದವು, ಮಣಿಪಾಲದ ಮೇಲೆ ಹೋಗುವ 169ಎ ಅಗಲವಾದಾಗಲೂ ಬಿದ್ದವು. ಎಲ್ಲೂರಿನ ವಿದ್ಯುತ್ ಸ್ಥಾವರದಿಂದ ಕಾಸರಗೋಡಿಗೆ 400 ಕೆವಿ ತಂತಿ ಎಳೆಯುವ ಕೆಲಸಕ್ಕೆ ಇನ್ನಾ ಗ್ರಾಮದವರು ಅಡ್ಡ ನಿಂತರು. ಕಲೆಗೆ ಇದರಿಂದ ಆಗುವ ನಷ್ಟ ಅವರಿಗೆ ಗೊತ್ತಿದ್ದಂತಿಲ್ಲ.

ಇನ್ನು ಯೋಜನೆ. ಕೊಂಬೆಗಳಿಂದ ಹೆಣೆದ ಹದಿನೈದು ಅಡಿಯ ನಾಗರಹಾವು, ಬಾಯೊಳಗೆ ಮಕ್ಕಳು ನುಸುಳಬಹುದು. ಅಡಿಕೆ ಹಾಳೆಯ ಗಾಳಿಗಂಟೆ. ಬಿದಿರಿನ ಕೊಳವೆ, ಕಿವಿಯಿಟ್ಟರೆ ಕಾಡಿನ ಸದ್ದು. ಸದ್ದನ್ನು ಸ್ಪೀಕರಿನಲ್ಲಿ ಒದಗಿಸಲಾಗುವುದು. ಬಂದವರಿಗೆ ಪ್ರಕೃತಿಯ ಮಹತ್ವ ತಿಳಿಸುವ ಫ್ಲೆಕ್ಸ್ ನಲವತ್ತು. ತೊಡಕು ಒಂದೇ, ಪಾರ್ಕಿಂಗ್. ಅದಕ್ಕೆ ಹಾಡಿಯ ಅರ್ಧ ಸಮತಟ್ಟು ಮಾಡಬೇಕಾಗುತ್ತದೆ. ಅಲ್ಲಿ ಉರುಳುವ ಮರಗಳಲ್ಲಿ ಎರಡನೇ ಹಂತದ ಕಲಾಕೃತಿಗಳು ಸಿದ್ಧವಾಗುತ್ತವೆ, ವಿಷಯ ‘ಕಾಡು ಉಳಿಸಿ’. ಜೆಸಿಬಿಯವನಿಗೆ ಅಡ್ವಾನ್ಸ್ ಕೊಟ್ಟಾಗಿದೆ.