ಸಣ್ಣ ಶಾಲಿಮಾರು

ದೇವಸುಗೂರಿನಲ್ಲಿ ಬಾಳುವವರ ಘ್ರಾಣೇಂದ್ರಿಯಕ್ಕೆ ಬಾಲ್ಯದಿಂದಲೇ ಎರಡು ಬಗೆಯ ಶಿಕ್ಷಣ ದೊರೆಯುತ್ತದೆ. ಸೂಗೂರೇಶ್ವರನ ಗುಡಿಯ ಕಡೆಯಿಂದ ಗಾಳಿ ಬೀಸಿದರೆ ವಿಭೂತಿ, ಕರ್ಪೂರ, ಊದುಬತ್ತಿ, ಆಗತಾನೆ ಒಡೆದ ತೆಂಗಿನಕಾಯಿ ಇವೆಲ್ಲದರ ಮಿಶ್ರ ಪರಿಮಳ. ಶಕ್ತಿನಗರದ ಕಡೆಯಿಂದ ಬೀಸಿದರೆ, 1985ರಿಂದೀಚೆಗೆ ಕಲ್ಲಿದ್ದಲನ್ನುಂಡು ನಾಡಿಗೆ ಬೆಳಕನ್ನು ಕೊಡುತ್ತಿರುವ ಉಷ್ಣ ವಿದ್ಯುತ್ ಸ್ಥಾವರದ ಬೂದಿ. ವಿಭೂತಿಗೂ ಹಾರುಬೂದಿಗೂ ಇರುವ ಭೇದವನ್ನು ಕಣ್ಣು ಮುಚ್ಚಿಕೊಂಡೇ ಹೇಳಬಲ್ಲ ನಮ್ಮೂರ ಮೂಗುಗಳಿಗೆ, ಪ್ಯಾರಿಸ್ ನಗರದ ಗೆರ್ಲೇನ್ ಮನೆತನದವರ ‘ಶಾಲಿಮಾರ್’ ಎಂಬ ಜಗತ್ಪ್ರಸಿದ್ಧ ಸುಗಂಧದ್ರವ್ಯದ ಹಗುರ ಅವತಾರವೊಂದನ್ನು ಪರೀಕ್ಷಿಸುವ ಯೋಗವಿದೆಯೆಂದು ಯಾವ ಪಂಚಾಂಗವೂ ಮುನ್ಸೂಚನೆ ಕೊಟ್ಟಿರಲಿಲ್ಲ. ಕೆಲವು ವರ್ಷಗಳ ಹಿಂದೆ ಪರದೇಶದಿಂದ ರಜೆಗೆ ಬಂದ ನನ್ನ ಅಕ್ಕನ ಮಗಳು ಅದನ್ನು ತಂದು ತನ್ನ ಅತ್ತೆಯ, ಎಂದರೆ ನನ್ನ ಶ್ರೀಮತಿಯ, ಕೈಯಲ್ಲಿಟ್ಟಳು.

ದೊಡ್ಡ ಶಾಲಿಮಾರಿನ ವೃತ್ತಾಂತವೇ ಒಂದು ಪುರಾಣ. ಜಾಕ್ ಗೆರ್ಲೇನ್ ಎಂಬ ಗಾಂಧಿಕನು ರಚಿಸಿದ ಆ ದ್ರವ್ಯವು 1925ರಲ್ಲಿ, ಪ್ಯಾರಿಸ್ಸಿನ ಅಲಂಕಾರಕಲೆಗಳ ಮಹಾಪ್ರದರ್ಶನದ ಸಂದರ್ಭದಲ್ಲಿ, ನೀಲಿ ಮುಚ್ಚಳದ ಸ್ಫಟಿಕದ ಶೀಸೆಯೊಳಗೆ ಕುಳಿತು ಲೋಕವಿಖ್ಯಾತವಾಯಿತು. ಬೆರ್ಗಮಾಟ್ ಎಂಬ ಹುಳಿಹಣ್ಣಿನ ಸಿಪ್ಪೆಯ ಎಣ್ಣೆ ಮೇಲೆ, ಹೂಗಳು ನಡುವೆ, ವೆನಿಲಾದ ಗಾಢವಾದ ಮಾಧುರ್ಯ ಬುಡದಲ್ಲಿ. ಷಹಜಹಾನನು ಮುಮ್ತಾಜಳೊಡನೆ ವಿಹರಿಸಿದ ಶಾಲಿಮಾರ್ ಉದ್ಯಾನವೇ ಇದಕ್ಕೆ ಸ್ಫೂರ್ತಿಯೆಂದು ಮಾರುವವರು ಇಂದಿಗೂ ಹೇಳುತ್ತಾರೆ. ಲಾಹೋರಿನ ಶಾಲಿಮಾರನ್ನು ಷಹಜಹಾನನು ಕಟ್ಟಿಸಲು ತೊಡಗಿದ್ದು 1641ರಲ್ಲಿ. ಮುಮ್ತಾಜ್ ತೀರಿಕೊಂಡದ್ದು 1631ರಲ್ಲಿ. ಆದಕಾರಣ ಆ ವಿಹಾರವು ನಡೆದುದೇ ನಿಜವಾದರೆ, ಅದು ಅವನ ತಂದೆ ಜಹಾಂಗೀರನು ನಿರ್ಮಿಸಿದ ಕಾಶ್ಮೀರದ ತೋಟದಲ್ಲಿಯೇ ನಡೆದಿರಬೇಕು. ಪ್ರೇಮಕಥೆಯನ್ನು ಇಸವಿಗಳಿಂದ ಅಳೆಯುವವನು ಅರಸಿಕನೆಂದು ಮನೆಯಲ್ಲಿ ತೀರ್ಪಾದುದರಿಂದ ಈ ಸಂಶೋಧನೆಯನ್ನು ಇಲ್ಲಿಗೇ ನಿಲ್ಲಿಸುತ್ತೇನೆ.

ಮುತ್ತಜ್ಜಿಯರ ಕಾಲದ ಈ ಗಾಢಸುಗಂಧವು ಮೊಮ್ಮಕ್ಕಳಿಗೆ ಭಾರವಾಗಿ ತೋರಿತೆಂದು ಕಾಣುತ್ತದೆ. ಗೆರ್ಲೇನ್ ಸಂಸ್ಥೆಯ ಗಾಂಧಿಕ ಥಿಯೆರಿ ವಾಸರ್ ಎಂಬಾತನು 2011ರಲ್ಲಿ ‘ಶಾಲಿಮಾರ್ ಪರ್ಫ್ಯೂಮ್ ಇನಿಶಿಯಲ್’ ಎಂಬ ಎಳೆಯ ರೂಪವನ್ನೂ, ಅದೂ ಸಾಲದೆಂಬಂತೆ ಮರುವರ್ಷವೇ ಅದರ ಇನ್ನೂ ತೆಳುವಾದ, ಹೂವೇ ಮುಂದಾಗಿರುವ ‘ಲೋ’ ಎಂಬ ರೂಪವನ್ನೂ ಹೊರತಂದನು. ನಮ್ಮ ಮನೆಗೆ ಬಂದುದು ಈ ಕಡೆಯದು. ಮೊಸರಿಗೆ ನೀರೆರೆದು ಕಡೆದು ಮಜ್ಜಿಗೆ ಮಾಡುವುದು ನಮ್ಮ ಸೀಮೆಯಲ್ಲಿಯೂ ಉಂಟು. ಆದರೆ ಮಜ್ಜಿಗೆಗೆ ಮೊಸರಿನ ಬೆಲೆಯನ್ನು ಕೇಳುವ ಧೈರ್ಯ ಮಾತ್ರ ಫ್ರಾನ್ಸ್ ದೇಶದವರದೇ.

ಸುಗಂಧಶಾಸ್ತ್ರಜ್ಞರ ಪ್ರಕಾರ ಒಳ್ಳೆಯ ಸುಗಂಧದ್ರವ್ಯವು ಮೂರು ಅಂಕಗಳ ನಾಟಕ. ಹುಳಿಹಣ್ಣಿನ ಚುರುಕು ಕೆಲವು ನಿಮಿಷಗಳಲ್ಲಿ ಹಾರಿಹೋಗಿ, ಆಮೇಲೆ ಹೂಗಳು ಅರಳಿ, ಸಂಜೆಯ ಹೊತ್ತಿಗೆ ಬುಡದ ವೆನಿಲಾ, ಚಂದನಾದಿಗಳು ಮೈಗಂಟಿ ಉಳಿಯತಕ್ಕದ್ದು. ಆದರೆ ಈ ಕಾಲಗಣನೆ ಮಾಡಿದವರು ಪ್ಯಾರಿಸ್ಸಿನ ಚಳಿಯಲ್ಲಿ ಕುಳಿತವರು. ವೈಶಾಖಮಾಸದಲ್ಲಿ ರಾಯಚೂರು ಸೀಮೆಯ ಸೂರ್ಯನು 43, 44 ಡಿಗ್ರಿಯಲ್ಲಿ ಉರಿಯುವಾಗ ಅಂಕವೂ ಇಲ್ಲ, ಪರದೆಯೂ ಇಲ್ಲ; ಪಾತ್ರಧಾರಿಗಳೆಲ್ಲರೂ ಒಮ್ಮೆಗೇ ರಂಗಕ್ಕೆ ನುಗ್ಗಿ, ಒಮ್ಮೆಗೇ ನಿರ್ಗಮಿಸುತ್ತಾರೆ.

ಇದರ ಪ್ರತ್ಯಕ್ಷ ಪ್ರಮಾಣವು ಬಂಧುಗಳ ಮದುವೆಯೊಂದಕ್ಕಾಗಿ ನಾವು ರಾಯಚೂರಿಗೆ ಹೊರಟ ದಿನ ಲಭಿಸಿತು. ಇಳಕಲ್ಲ ಸೀರೆಯುಟ್ಟು, ಕೊರಳಿಗೂ ಮಣಿಕಟ್ಟಿಗೂ ಹಗುರ ಶಾಲಿಮಾರನ್ನು ಚಿಮುಕಿಸಿಕೊಂಡು ಶ್ರೀಮತಿಯು ಬಸ್ಸನ್ನೇರಿದಾಗ, ಮುಂದಿನ ಸೀಟಿನ ಕೂಸೊಂದು ಅಳುವನ್ನು ನಿಲ್ಲಿಸಿ ಹಿಂದಿರುಗಿ ನೋಡಿತು. ಹತ್ತಿಯ ಅಂಡಿಗೆಗೆ ಒರಗಿ ನಿಂತಿದ್ದ ಹಿರಿಯರೊಬ್ಬರು ಮೂಗನ್ನೆತ್ತಿ, ಎಲ್ಲಿಯೋ ಸೇವಂತಿಗೆಯ ಬುಟ್ಟಿಯಿರಬೇಕೆಂದು ಬಸ್ಸಿನ ಮೂಲೆಗಳನ್ನೆಲ್ಲ ಪರಿಶೀಲಿಸಿದರು. ಆ ಕ್ಷಣದಲ್ಲಿ ಪರಿಮಳವು ನಿಜಕ್ಕೂ ಮನೋಹರವಾಗಿತ್ತೆಂಬುದನ್ನು ನಾನು ಒಪ್ಪಲೇಬೇಕು. ಸುಮಾರು 20 ಕಿಲೋಮೀಟರಿನ ಆ ದಾರಿಯನ್ನು ಮುಗಿಸಿ ನಾವು ಮದುವೆಯ ಮನೆಯನ್ನು ಹೊಕ್ಕಾಗ ನನ್ನ ದೊಡ್ಡವ್ವನು ಸೊಸೆಯ ಕೊರಳಿನ ಬಳಿ ಮೂಗನ್ನಿಟ್ಟು ದೀರ್ಘವಾಗಿ ಆಘ್ರಾಣಿಸಿದಳು.

“ಯವ್ವಾ, ಫಾರಿನ್ ಸೆಂಟು ಹೊಡಕೊಂಡೀನಂತಿ, ವಾಸ್ನೀನ ಇಲ್ಲಲ್ಲ! ಹೊಡಕೊಂಡಾಕಿ ನೀನೋ, ಬಸ್ಸೋ?”

ಬಾಳಿಕೆಯ ಅತ್ತರಿನ ಕಡೆಗೆ ದೊಡ್ಡವ್ವನಿಗಿರುವ ಪಕ್ಷಪಾತಕ್ಕೆ ಕಾರಣವಿಲ್ಲದಿಲ್ಲ. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಜಿಲ್ಲೆಯಲ್ಲಿ ಅತ್ತರೆಂಬುದು ಮತಭೇದವಿಲ್ಲದ ಸಂಸ್ಕಾರ. ಗುಲಾಬಿ, ಕೇವಡಾ, ಹಿನಾ ಮುಂತಾದುವನ್ನು ಗಾಜಿನ ಕಡ್ಡಿಯಿಂದ ಅಂಗೈಯ ಹಿಂಬದಿಗೆ ಸವರಿ, ಉಳಿದುದನ್ನು ಚಿಟಿಕೆ ಹತ್ತಿಗೆ ಹೀರಿಸಿ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದ ಹಿರಿಯರು ಎರಡು ದಿನ ಕಳೆದರೂ ಆ ಹತ್ತಿಯನ್ನು ತೆಗೆಯುತ್ತಿರಲಿಲ್ಲ. ಅತ್ತರಿಗೆ ಈ ಬಾಳಿಕೆ ಬರುವುದು ಚಂದನದಿಂದ. ಕನೌಜಿನಲ್ಲಿ ದೇಗ್ ಎಂಬ ತಾಮ್ರದ ಹಂಡೆಯೊಳಗೆ ಹೂಗಳನ್ನು ಕುದಿಸಿ, ಬಿದಿರಿನ ಕೊಳವೆಯಲ್ಲಿ ಸಾಗುವ ಆವಿಯನ್ನು ಗಂಧದೆಣ್ಣೆಯಿರುವ ಭಪ್ಕಾ ಎಂಬ ಪಾತ್ರೆಗೆ ಇಳಿಸುತ್ತಾರೆ. ಹೂವು ಹಾರಬೇಕೆಂದರೂ ಗಂಧದೆಣ್ಣೆ ಕೈಬಿಡುವುದಿಲ್ಲ. ಪರದೇಶದ ಶೀಸೆಯಲ್ಲಿರುವುದಾದರೋ ಬಹುಭಾಗ ಮದ್ಯಸಾರ. ತೆಳುವಾದ ಬಗೆಗಳಲ್ಲಿ ನೂರಕ್ಕೆ 80ಕ್ಕೂ ಮಿಗಿಲು. ಅದಕ್ಕೆ ನಮ್ಮ ಬಿಸಿಲು ಸೋಕಿದ ಮೇಲೆ ಉಳಿಯುವುದು ಶೀಸೆಯ ಅಂದವೊಂದೇ.

ಆ ಮಧ್ಯಾಹ್ನವೇ ರಾಯಚೂರಿನ ತೀನ್ ಕಂದೀಲಿನ ಪೇಟೆಯಲ್ಲಿ ಅತ್ತರು ಮಾರುವ ವೃದ್ಧರೊಬ್ಬರ ಮುಂದೆ ಶ್ರೀಮತಿಯು ತನ್ನ ಚೀಲದಿಂದ ಶೀಸೆಯನ್ನು ತೆಗೆದಿರಿಸಿದಳು. ಅವರು ಕಾಗದದ ತುಣುಕಿಗೆ ಒಮ್ಮೆ ಚಿಮುಕಿಸಿ, ಗಾಳಿಯಲ್ಲಿ ಬೀಸಿ, ಕಣ್ಣು ಮುಚ್ಚಿ, ತೆರೆದು, ವೈದ್ಯರು ನಾಡಿಯನ್ನು ನೋಡಿ ಹೇಳುವ ಗಾಂಭೀರ್ಯದಿಂದ ನುಡಿದರು:

“ಮಾಲು ಖರೇ ಅದ ಸಾಹೇಬ್ರ. ಖರೆ ಇದರ ತೆಳಗ ಬುನಾದಿ ಇಲ್ಲ. ಮೊದಲು ಸಂದಲ್ ಹಚ್ಚರಿ, ಅದರ ಮ್ಯಾಲ ಇದನ್ನ ಹೊಡೀರಿ. ರಾತ್ರಿ ತನಕ ಎಲ್ಲಿಗಿ ಹೋಗ್ತದ?”

ಹಾಗೆಯೇ ಮಾಡಲಾಯಿತು. ಗಂಧದೆಣ್ಣೆಯ ಮೇಲೆ ಕುಳಿತ ಹಗುರ ಶಾಲಿಮಾರು ಊಟದ ಪಂಕ್ತಿಯನ್ನೂ, ಆರತಕ್ಷತೆಯನ್ನೂ, ಮರಳುವ ಬಸ್ಸನ್ನೂ ದಾಟಿಕೊಂಡು ಮನೆಯವರೆಗೆ ಬಂದಿತು; ದೊಡ್ಡವ್ವನು ಕೂಡ ಎರಡನೆಯ ಬಾರಿ ಮೂಸಿದಾಗ ಮಾತನಾಡದೆ ತನ್ನ ಮಣಿಕಟ್ಟನ್ನೇ ಮುಂದೆ ಚಾಚಿದ್ದಳು. ಉಳಿದದ್ದು ನನ್ನ ಲೆಕ್ಕ. ಅಪ್ಪಟ ಗಂಧದೆಣ್ಣೆಯು ತೊಲದ ಮೇಲೆ ಮಾರುವ ವಸ್ತು. ಅದರ ಬೆಲೆಯನ್ನು ಕೇಳುವಾಗ ಕುರ್ಚಿಯ ಮೇಲೆ ಕುಳಿತಿರುವುದು ಕ್ಷೇಮ. ಶ್ರೀಮತಿಯು ಮಾತ್ರ ಆ ರಾತ್ರಿ ಶೀಸೆಯನ್ನು ದೀಪಕ್ಕೆ ಹಿಡಿದು, ತಳ ಕಾಣುತ್ತಿದ್ದ ದ್ರವವನ್ನು ದಿಟ್ಟಿಸಿ ನೋಡಿ, ಫ್ರಾನ್ಸ್ ದೇಶದ ಯಾವ ಗಾಂಧಿಕನೂ ಮುಂದಿಡದ ಪ್ರಶ್ನೆಯೊಂದನ್ನು ನನ್ನ ಮುಂದಿಟ್ಟಳು:

“ಏನ್ರಿ, ಈ ಸಣ್ಣಾಕಿನ್ನ ನಿಂದರಿಸಾಕ ಇಷ್ಟು ಸಂದಲ್ ಬೇಕಾದ್ರ, ಹುಡುಗಿಗೆ ಹೇಳಿ ದೊಡ್ಡಾಕಿನ್ನೇ ತರಸಬೌದಿತ್ತಲ್ರಿ?”