ಋಣವಿಮೋಚನ ಮೀಮಾಂಸೆ: ಪಶ್ಚಿಮ ತಾಂಬರಂನ ಮೂರು ಪ್ಲಾಸ್ಟಿಕ್ ಶಾಸನಗಳ ಅಧ್ಯಯನ

ಆಕರ

ಚೆನ್ನೈನ ಪಶ್ಚಿಮ ತಾಂಬರಂನ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಸಾಸಿವೆ ಡಬ್ಬಿಯ ತಳದಲ್ಲಿ, ಮೂರು ಶಾಸನಗಳು ದೊರೆತಿವೆ. ಮೂರೂ ಪ್ಲಾಸ್ಟಿಕ್ಕಿನವು. ಒಂದೊಂದೂ 85.6 ಮಿ.ಮೀ. ಉದ್ದ, 53.98 ಮಿ.ಮೀ. ಅಗಲ. ಶಿಲೆ, ತಾಮ್ರಗಳಿಗೆ ಜೀವ ತೇಯ್ದ ನಮ್ಮ ವಿದ್ವಾಂಸರು ಈ ವರ್ಗವನ್ನು ಕಣ್ಣೆತ್ತಿಯೂ ನೋಡಿಲ್ಲ. ಬಿ.ಎಲ್. ರೈಸ್ ಅವರನ್ನು ಇದಕ್ಕಾಗಿ ದೂರುವಂತಿಲ್ಲ. ಅವರು 'ಎಪಿಗ್ರಾಫಿಯಾ ಕರ್ನಾಟಿಕಾ'ದ ಮೊದಲ ಸಂಪುಟ ತಂದದ್ದು 1886ರಲ್ಲಿ. ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ದೇಶದ ಮೊದಲ ಕ್ರೆಡಿಟ್ ಕಾರ್ಡ್ ತಂದದ್ದು 1980ರಲ್ಲಿ. ನಂತರ ಬಂದವರಿಗೆ ಮಾತ್ರ ಯಾವ ನೆಪವೂ ಇಲ್ಲ.

ಲಕ್ಷಣದಲ್ಲಿ ಇವು ದಾನಶಾಸನಗಳೇ. ಮೊದಲು ಬಿರುದಾವಳಿ (ಗೋಲ್ಡ್, ಪ್ಲಾಟಿನಂ, ಸಿಗ್ನೇಚರ್ ಇತ್ಯಾದಿ), ಆಮೇಲೆ ದಾನ ಪಡೆದವನ ಹೆಸರು, ಕೊನೆಗೆ ಶಾಪಾಶಯ. ಹಳೆಯ ಶಾಸನಗಳು ದತ್ತಿ ಕೆಡಿಸಿದವನು ಅರವತ್ತು ಸಾವಿರ ವರ್ಷ ಹೇಸಿಗೆಯ ಹುಳುವಾಗಿ ಹುಟ್ಟುತ್ತಾನೆಂದು ಎದ್ದು ಕಾಣುವ ಅಕ್ಷರದಲ್ಲಿ ಎಚ್ಚರಿಸುತ್ತಿದ್ದವು. ಇಲ್ಲಿ ಶಾಪವನ್ನು ಪ್ರತಿ ತಿಂಗಳ ಸ್ಟೇಟ್‌ಮೆಂಟಿನ ಹಿಂಬದಿಯಲ್ಲಿ, ಭೂತಗನ್ನಡಿ ಬೇಡುವ ಅಕ್ಷರದಲ್ಲಿ ಹಾಕಿರುತ್ತಾರೆ. ರಾಜರ ಕಾಲದವರು ಇಷ್ಟು ಚಾಣಾಕ್ಷರಾಗಿರಲಿಲ್ಲ.

ಶಾಸನೋಕ್ತ ಗೃಹಸ್ಥನು ಹಾಸನದ ಕಡೆಯವನು. 1984ರಲ್ಲಿ ಶುರುವಾದ ಮದ್ರಾಸ್ ರಫ್ತು ವಲಯದಲ್ಲಿ, ಅಂದರೆ ಊರಿನವರ ಬಾಯಲ್ಲಿ 'ಮೆಪ್ಜ್'ನಲ್ಲಿ, ಒಂದು ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದಾನೆ. ಕಂಪನಿಯ ಲೆಕ್ಕ ಪೈಸೆಗೆ ಪೈಸೆ ತಾಳೆಯಾಗುತ್ತದೆ. ಮನೆಯಲ್ಲಿ ಅವನ ತಾಯಿ, ಗೃಹಿಣಿ, ಒಬ್ಬ ಮಗ. ಸಾಲ ಹೀಗಿದೆ: ಮೊದಲ ಕಾರ್ಡಿನಲ್ಲಿ ₹30,000, ಬಡ್ಡಿ ತಿಂಗಳಿಗೆ ಶೇ 3.5, ಎರಡನೆಯದರಲ್ಲಿ ₹70,000, ಶೇ 3.6, ಮೂರನೆಯದರಲ್ಲಿ ₹1,40,000, ಶೇ 3.75.

ಉತ್ಪತ್ತಿ

ಸಾಲದ ಮೂಲ ಹುಡುಕುತ್ತ ಹೋದರೆ ಮೂರು ಸ್ತರಗಳು ಸಿಗುತ್ತವೆ. ಎಲ್ಲಕ್ಕಿಂತ ಕೆಳಗಿನದು ಕೆಸರಿನ ಸ್ತರ. 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಮುಡಿಚೂರು ಕಡೆಯ ತಗ್ಗಿನ ಬೀದಿಗಳಲ್ಲಿ ನೀರು ನಿಂತು, ಆಗ ಅಲ್ಲೇ ನೆಲಮಹಡಿಯಲ್ಲಿದ್ದ ಈ ಸಂಸಾರದ ಫ್ರಿಜ್ಜು, ವಾಷಿಂಗ್ ಮೆಷಿನ್ನು ಎರಡೂ ಹೋದವು. ಇದನ್ನು ದುಂದು ಎನ್ನಲು ಪ್ರಬಂಧಕಾರನಿಗೂ ಮನಸ್ಸು ಬಾರದು. ಅದರ ಮೇಲಿನದು ಆರೋಗ್ಯದ ಸ್ತರ: ವ್ಯಾಯಾಮದ ಸೈಕಲ್ಲು, ಇಎಂಐ ಮೇಲೆ. ಎಲ್ಲಕ್ಕಿಂತ ಮೇಲೆ 2024ರ ಅಕ್ಷಯ ತೃತೀಯದ ದಿನ ಕೊಂಡ ಎರಡು ಸವರನ್ ಸರ. ಆ ದಿನ ಕೊಂಡದ್ದು ಅಕ್ಷಯವಾಗುತ್ತದೆ ಎಂಬ ಮಾತು ಅಕ್ಷರಶಃ ನಿಜವಾಯಿತು. ಅವರು ಅಂದು ಚಿನ್ನದ ಜೊತೆಗೆ ಸಾಲವನ್ನೂ ಕೊಂಡಿದ್ದರು.

ಬಡ್ಡಿಯ ಧರ್ಮಾಧರ್ಮ

ಇಲ್ಲಿ ಕೌಟಿಲ್ಯನನ್ನು ಕರೆಯದೆ ಗತ್ಯಂತರವಿಲ್ಲ. ತಂಜಾವೂರು ಕಡೆಯ ಪಂಡಿತರೊಬ್ಬರು ಕೊಟ್ಟ ಓಲೆಗರಿಯ ಪ್ರತಿಯನ್ನು ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಗುರುತಿಸಿ, 1909ರಲ್ಲಿ ಅರ್ಥಶಾಸ್ತ್ರವನ್ನು ಅಚ್ಚು ಹಾಕಿಸಿದವರು ಆರ್. ಶಾಮಶಾಸ್ತ್ರಿಗಳು. ಆದ್ದರಿಂದ ಕನ್ನಡನಾಡು ತಮಿಳುನಾಡಿಗೆ ಒಂದು ಸಾಲ ಬಾಕಿ ಇಟ್ಟುಕೊಂಡಿದೆ. ಅದಕ್ಕೆ ಇನ್ನೂ ಯಾರೂ ಬಡ್ಡಿ ಕೇಳಿಲ್ಲ.

ಆ ಗ್ರಂಥದ ಪ್ರಕಾರ ನೂರು ಪಣಕ್ಕೆ ತಿಂಗಳಿಗೆ ಒಂದೂಕಾಲು ಪಣ ಧರ್ಮದ ಬಡ್ಡಿ. ವ್ಯಾಪಾರಕ್ಕೆ ಐದು, ಕಾಡು ಹಾಯುವ ವರ್ತಕರಿಗೆ ಹತ್ತು, ಸಮುದ್ರ ವ್ಯಾಪಾರಿಗಳಿಗೆ ಇಪ್ಪತ್ತು. ನಮ್ಮ ಗೃಹಸ್ಥ ತೆರುತ್ತಿರುವುದು ಮೂರೂವರೆಯಿಂದ ಮೂರೂಮುಕ್ಕಾಲು, ಅಂದರೆ ಧರ್ಮಕ್ಕೂ ವ್ಯಾಪಾರಕ್ಕೂ ನಡುವೆ. ಇವನನ್ನು ಯಾವ ವರ್ಗಕ್ಕೆ ಸೇರಿಸಬೇಕು? ಕಾಡು ಹಾಯುವವನಲ್ಲ, ಮಗನನ್ನು ವಂಡಲೂರು ಮೃಗಾಲಯಕ್ಕೆ ಕರೆದೊಯ್ದದ್ದನ್ನು ಲೆಕ್ಕಕ್ಕೆ ಹಿಡಿಯಲಾಗದು. ಆದರೆ ರಫ್ತು ವಲಯದಲ್ಲಿ ದುಡಿಯುವುದರಿಂದ ಸಮುದ್ರ ವ್ಯಾಪಾರಿಯೆಂದು ವಾದಿಸಬಹುದು. ಹಾಗಾದರೆ ಬ್ಯಾಂಕು ಅವನಿಗೆ ಹದಿನಾರು ಪಣ ರಿಯಾಯಿತಿ ಕೊಟ್ಟಂತೆ. ಈ ವಾದ ಬ್ಯಾಂಕುಗಳ ಕಿವಿಗೆ ಬೀಳದಿರಲಿ.

ಆಧುನಿಕ ಸ್ಮೃತಿಕಾರರಲ್ಲೂ ಒಮ್ಮತವಿಲ್ಲ. ವರ್ಷಕ್ಕೆ ಶೇ 30 ಮೀರಿದ ಕಾರ್ಡ್ ಬಡ್ಡಿ ಅನುಚಿತ ವ್ಯಾಪಾರ ಪದ್ಧತಿ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ಹೇಳಿತ್ತು. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕಂದುವಡ್ಡಿ, ಮೀಟರ್ ವಡ್ಡಿ, ತಂಡಲ್ ಎಂಬ ವಿಪರೀತ ಬಡ್ಡಿಗಳನ್ನು ಹೆಸರು ಹಿಡಿದು ನಿಷೇಧಿಸುವ ತಮಿಳುನಾಡಿನ 2003ರ ಕಾಯ್ದೆಯೇನೋ ಇದೆ. ಅದು ಸಂತೆಯಲ್ಲಿ ಚೀಲ ಹಿಡಿದು ಸಾಲ ಕೊಡುವವನಿಗೆ, ಏಸಿ ಕೋಣೆಯಲ್ಲಿ ಕೂತು ಕೊಡುವವರಿಗಲ್ಲ.

ಪೂರ್ವಪಕ್ಷ: ಕಾಫಿವಾದ

'ದಿನದ ಒಂದು ಕಾಫಿ ಬಿಟ್ಟರೆ ಸಾಲ ತೀರುತ್ತದೆ' ಎಂಬುದು ಮಿತವ್ಯಯ ಪಂಥದ ಮಹಾವಾಕ್ಯ. ಮೊಬೈಲಿನಲ್ಲಿ ಕೋಟು ಹಾಕಿಕೊಂಡು ಉಪದೇಶಿಸುವ ಎಲ್ಲ ಆಚಾರ್ಯರೂ ಇದನ್ನೇ ಹೇಳುತ್ತಾರೆ. ಹಾಸನದವರಿಗೆ ಕಾಫಿ ಬಿಡಿ ಎನ್ನುವುದರ ಕ್ರೌರ್ಯವನ್ನು ಸದ್ಯ ಬದಿಗಿಟ್ಟು ಗಣಿತವನ್ನಷ್ಟೇ ನೋಡೋಣ.

ಒಂದು ಲಕ್ಷ ಸಾಲಕ್ಕೆ ತಿಂಗಳಿಗೆ ಶೇ 3.5ರಂತೆ ಬಡ್ಡಿ ₹3,500. ಆ ಬಡ್ಡಿಯ ಮೇಲೆ ಶೇ 18 ಜಿಎಸ್‌ಟಿ ₹630. ನಿಲ್ದಾಣದ ಹೊರಗಿನ ಅಂಗಡಿಯಲ್ಲಿ ಕಾಫಿಗೆ ₹20 ಎಂದಿಟ್ಟುಕೊಂಡರೆ ಮೂವತ್ತು ದಿನಕ್ಕೆ ₹600. ಒಬ್ಬ ಮನುಷ್ಯ ಇಡೀ ತಿಂಗಳು ಕಾಫಿ ಬಿಟ್ಟು, ತಲೆನೋವಿನಿಂದ ನರಳಿ, ಹೆಂಡತಿಯ ಮೇಲೆ ರೇಗಿ ಉಳಿಸಿದ ದುಡ್ಡು ಆ ಲಕ್ಷದ ಬಡ್ಡಿಯ ಜಿಎಸ್‌ಟಿಗೂ ಸಾಲದು. ಇನ್ನೂ ₹30 ಬಾಕಿ. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದ ನಮ್ಮ ಹಿರಿಯರಿಗೆ ಜಿಎಸ್‌ಟಿ ಗೊತ್ತಿರಲಿಲ್ಲ, ಆನೆ ಗೊತ್ತಿತ್ತು.

ಉಳಿತಾಯ ಸಿಕ್ಕಿದ್ದು ಯಾರೂ ನೋಡದ ಜಾಗದಲ್ಲಿ. ಗೃಹಸ್ಥ ದಿನವೂ ಮೆಪ್ಜ್‌ಗೆ ಕ್ಯಾಬಿನಲ್ಲಿ ಹೋಗುತ್ತಿದ್ದ. ಹೋಗಲು ನೂರು, ಬರಲು ನೂರು. ಮೆಪ್ಜ್ ಇರುವುದು ತಾಂಬರಂ ಸ್ಯಾನಟೋರಿಯಂ ನಿಲ್ದಾಣದ ಮಗ್ಗುಲಲ್ಲಿ, ತಾಂಬರಂನಿಂದ ಸರಿಯಾಗಿ ಒಂದೇ ನಿಲ್ದಾಣ. ಚೆನ್ನೈ ಬೀಚ್ ನಿಲ್ದಾಣದಿಂದ ತಾಂಬರಂವರೆಗಿನ ಈ ಹಳಿಯ ಮೇಲೆ 1931ರಿಂದ ವಿದ್ಯುತ್ ರೈಲು ಓಡುತ್ತಿದೆ. ಟಿಕೆಟ್ಟು ₹5. ತಿಂಗಳಿಗೆ ₹4,750 ಉಳಿಯಿತು. ಇದಕ್ಕೆ ಯಾವ ತ್ಯಾಗವೂ ಬೇಕಾಗಲಿಲ್ಲ, ಮರ್ಯಾದೆಯೊಂದನ್ನು ಬಿಟ್ಟು. ಆಫೀಸಿನ ಗೇಟಿನ ಮುಂದೆ ಕ್ಯಾಬಿನಿಂದ ಇಳಿಯುವುದಕ್ಕೂ ಮೇಲ್ಸೇತುವೆ ಇಳಿದು ಬೆವರೊರೆಸುತ್ತ ಬರುವುದಕ್ಕೂ ವ್ಯತ್ಯಾಸವಿದೆಯಂತೆ. ಅತ್ತೆ, ಸೊಸೆ ಇಬ್ಬರೂ 2021ರಿಂದ ಹೆಂಗಸರಿಗೆ ಪುಕ್ಕಟೆಯಾದ ಸಾಮಾನ್ಯ ಬಸ್ಸು ಹಿಡಿದರು. ಈ ಒಂದು ವಿಷಯದಲ್ಲಿ ನಮ್ಮ 'ಶಕ್ತಿ' ಯೋಜನೆಗಿಂತ ಈ ನಾಡು ಎರಡು ವರ್ಷ ಮುಂದು.

ಅರ್ಧಾಯುಷ್ಯ ಸಿದ್ಧಾಂತ

ಕನಿಷ್ಠ ಬಾಕಿ ಮಾತ್ರ ಕಟ್ಟುವವರ ಗತಿ ಏನು? ಒಂದು ಲಕ್ಷಕ್ಕೆ ಶೇ 5ರಂತೆ ₹5,000 ಕಟ್ಟಿದರೆ, ಬಡ್ಡಿ, ತೆರಿಗೆ ಸೇರಿ ₹4,130 ಹೋಗಿ ಅಸಲಿಗೆ ಸಲ್ಲುವುದು ₹870. ಮುಂದಿನ ತಿಂಗಳು ಬಾಕಿ ಇಳಿದಷ್ಟೇ ಕನಿಷ್ಠವೂ ಇಳಿಯುತ್ತದೆ. ಹೊಸದಾಗಿ ಒಂದು ಪೈಸೆಯ ಖರೀದಿ ಮಾಡದಿದ್ದರೂ ಸಾಲ ಅರ್ಧವಾಗಲು ಆರೂವರೆ ವರ್ಷ ಬೇಕು. ಉಳಿದರ್ಧದ ಅರ್ಧಕ್ಕೆ ಇನ್ನೊಂದು ಆರೂವರೆ. ಕಲ್ಪಾಕ್ಕಂ ಅಣುಕೇಂದ್ರದ ವಿಜ್ಞಾನಿಗಳಿಗೆ ಈ ಲೆಕ್ಕ ಚಿರಪರಿಚಿತ: ಕೋಬಾಲ್ಟ್ 60ರ ಅರ್ಧಾಯುಷ್ಯ ಸುಮಾರು ಐದೂಕಾಲು ವರ್ಷ. ಅಂದರೆ ಸಾಸಿವೆ ಡಬ್ಬಿಯಲ್ಲಿರುವ ವಸ್ತು ಕೋಬಾಲ್ಟಿಗಿಂತ ನಿಧಾನವಾಗಿ ತಣ್ಣಗಾಗುತ್ತದೆ. ಸೂರ್ಯಚಂದ್ರರಿರುವವರೆಗೆ ಎಂದು ದಾನಶಾಸನಗಳು ಹೇಳುತ್ತಿದ್ದುದು ಉತ್ಪ್ರೇಕ್ಷೆಯಾಗಿತ್ತು; ಇಲ್ಲಿ ಅದು ಬೀಜಗಣಿತ.

ಪಂಥಭೇದ

ಋಣಶಾಸ್ತ್ರದಲ್ಲಿ ಎರಡು ಪಂಥಗಳಿವೆ. ಸಣ್ಣ ಸಾಲ ಮೊದಲು ತೀರಿಸಿ ಹುರುಪು ಪಡೆಯಬೇಕೆಂಬುದು ಒಂದು. ಹೆಚ್ಚು ಬಡ್ಡಿಯದನ್ನು ಮೊದಲು ಹೊಡೆಯಬೇಕೆಂಬುದು ಇನ್ನೊಂದು. ಗೃಹಿಣಿ ಮೊದಲ ಪಂಥ, ಗೃಹಸ್ಥ ಎರಡನೆಯದು.

"ರೀ, ಒಂದಾದ್ರೂ ಕಾರ್ಡು ಕತ್ತರಿಸಿ ಬಿಸಾಕಿದ್ರೆ ರಾತ್ರಿ ನಿದ್ದೆ ಬರುತ್ತೆ."

"ನಿದ್ದೆಗೆ ಬಡ್ಡಿ ಇಲ್ಲ ಕಣೇ. ಲೆಕ್ಕ ನೋಡು."

ಪ್ರಬಂಧಕಾರನು ಲೆಕ್ಕ ನೋಡಿದ್ದಾನೆ. ಮೂವತ್ತು ಸಾವಿರವನ್ನು ಶೇ 3.5ರ ಕಾರ್ಡಿನ ಬದಲು ಶೇ 3.75ರದಕ್ಕೆ ಕಟ್ಟಿದರೆ ತಿಂಗಳಿಗೆ ಉಳಿಯುವುದು ತೆರಿಗೆ ಸೇರಿ ₹88.50. ಈ ವಾದ ನಡೆದ ರಾತ್ರಿಗಳಲ್ಲಿ ಓಡಿದ ಏಸಿಯ ಕರೆಂಟು ಅದಕ್ಕಿಂತ ಹೆಚ್ಚು ತಿಂದಿತು. ತಾಯಿಯವರದು ಮೂರನೆಯ ಪಂಥ: ಋಣವಿಮೋಚನ ನೃಸಿಂಹ ಸ್ತೋತ್ರ, ಸಂಜೆ ದೀಪ ಹಚ್ಚಿದ ಮೇಲೆ. ಮೂರರಲ್ಲಿ ಖರ್ಚಿಲ್ಲದ್ದು ಇದೊಂದೇ ಎಂಬುದನ್ನು ದಾಖಲಿಸಬೇಕು.

ಒಂದು ತಿಂಗಳು ಕಂತು ತಪ್ಪಿದಾಗ ವಸೂಲಿಯವರ ಫೋನು ಬಂತು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡಕೂಡದೆಂದು ರಿಸರ್ವ್ ಬ್ಯಾಂಕಿನ ಕಟ್ಟಳೆ. ಫೋನು ಬಂದದ್ದು ಹನ್ನೊಂದಕ್ಕೆ, ಎತ್ತಿದವರು ತಾಯಿ. "ಅಮ್ಮಾ, ಸಾರ್ ಇರುಕ್ಕಾರಾ?" ಎಂದವನಿಗೆ ಅವರು ಹಾಸನದ ಕನ್ನಡದಲ್ಲಿ ತಮ್ಮ ಮಂಡಿನೋವು, ತಾಂಬರಂನ ಉಪ್ಪುನೀರು, ಮೊಮ್ಮಗನ ಊಟದ ಹಟ ಎಲ್ಲವನ್ನೂ ವಿವರಿಸಿದರು. ಆತ ಕೊನೆಗೆ ಸೊಂಟಕ್ಕೂ ಮಂಡಿಗೂ ಒಂದು ತೈಲದ ಹೆಸರು ಹೇಳಿ ಇಟ್ಟ. ಕಂತನ್ನು ಮಾತ್ರ ಆಮೇಲೆ ಗೃಹಸ್ಥನೇ ದಂಡ ಸಮೇತ ಕಟ್ಟಬೇಕಾಯಿತು.

ಉಪಾರ್ಜನೆ

ಹೆಚ್ಚಿನ ಆದಾಯದ ಮೊದಲ ಯತ್ನ ಪಲ್ಲಾವರಂನ ಶುಕ್ರವಾರದ ಸಂತೆ. ಹಳೆಯ ಮಾಲಿಗೆ ಇದು ಹೆಸರುವಾಸಿ. ಹಳೆ ಮಿಕ್ಸಿಯ ಜಾರಿನಿಂದ ಹಿಡಿದು ಗಿಣಿಯವರೆಗೆ ಎಲ್ಲವೂ ಬಿಕರಿಗಿರುತ್ತವೆ. ಗೃಹಸ್ಥ ವ್ಯಾಯಾಮದ ಸೈಕಲ್ಲನ್ನು ಆಟೋದಲ್ಲಿ ಹಾಕಿಕೊಂಡು ಹೋದ. ಅದು ಮನೆಯಲ್ಲಿ ಟವೆಲ್ ಒಣಗಿಸುವ ಉಪಕರಣವಾಗಿ ನಿಷ್ಠೆಯಿಂದ ದುಡಿದಿತ್ತು. ₹1,800ಕ್ಕೆ ಹೋಯಿತು. ಆಟೋ ಬಾಡಿಗೆ ಕಳೆದು, ಬರುವಾಗ ಎರಡು ಕನಕಾಂಬರದ ಕುಂಡ ಕೊಂಡದ್ದೂ ಕಳೆದು ಉಳಿದದ್ದನ್ನು ಅವನು ಹೆಂಡತಿಗೆ ಹೇಳಲಿಲ್ಲ. ನಮಗೂ ಹೇಳಲಿಲ್ಲ.

ನಿಜವಾದ ಗಳಿಕೆ ಗೃಹಿಣಿಯ ಹುಳಿಪುಡಿ, ಚಟ್ನಿಪುಡಿಗಳಿಂದ. ಬ್ಯಾಡಗಿ ಮೆಣಸಿನಕಾಯಿ ಬೆಂಗಳೂರಿನಿಂದ ಬರುವ ನೆಂಟರ ಚೀಲದಲ್ಲಿ ಬರುತ್ತಿತ್ತು. ಕೊತ್ತಂಬರಿ, ಕಡಲೆಬೇಳೆ, ಮೆಂತ್ಯ ಬೇರೆಬೇರೆಯಾಗಿ ಹುರಿದು, ಮೆಣಸಿನಕಾಯಿಗೆ ಒಂದು ಹನಿ ಎಣ್ಣೆ ಸವರಿ, ಘಾಟು ಏಳುವ ಮೊದಲೇ ಇಳಿಸಿ ತಟ್ಟೆಯಲ್ಲಿ ಆರಹಾಕುತ್ತಿದ್ದಳು. ಬಣ್ಣ ನೋಡಿ ಹೆದರಿದ ಪಕ್ಕದ ಮನೆಯವರು ತಿಂದು ನೋಡಿ, ಇಷ್ಟು ಕೆಂಪಿಗೆ ಖಾರವೇ ಇಲ್ಲವಲ್ಲ ಎಂದರು. ಸಾರಿಗೆ ಬೆಲ್ಲ ಹಾಕುವ ವಿಷಯದಲ್ಲಿ ಎರಡು ರಾಜ್ಯಗಳ ನಡುವೆ ಕಾವೇರಿಯಷ್ಟೇ ಹಳೆಯ ವ್ಯಾಜ್ಯವಿರುವುದರಿಂದ ಬೆಲ್ಲ ಹಾಕಿ ಎಂಬ ಚೀಟಿಯನ್ನು ಪೊಟ್ಟಣದ ಒಳಗಿಡಲಿಲ್ಲ. ಗೃಹಸ್ಥನೂ ಸುಮ್ಮನಿರಲಿಲ್ಲ. ಬೆಂಗಳೂರಿಗೆ ಕೆಲಸಕ್ಕೆ ಹೊರಟ ನಾಲ್ವರು ತಮಿಳು ಹುಡುಗರಿಗೆ ಭಾನುವಾರದ ಕನ್ನಡ ಪಾಠ ಶುರುಮಾಡಿದ. ಅವರು ಕೇಳಿದ್ದು ವ್ಯಾಕರಣವನ್ನಲ್ಲ, ಆಟೋದವರೊಡನೆ ಜಗಳಕ್ಕೆ ಸಾಲುವಷ್ಟು ಕನ್ನಡವನ್ನು. ತಾಯಿ ಬಾಗಿಲಲ್ಲಿ ನಿಂತು ಉಚ್ಚಾರ ತಿದ್ದುತ್ತಿದ್ದರು. ಇಬ್ಬರದೂ ಸೇರಿ ತಿಂಗಳಿಗೆ ಆರು ಸಾವಿರದ ಹತ್ತಿರ.

ಆದರೂ ಮೂರು ಕಾರ್ಡುಗಳ ಬಡ್ಡಿ, ತೆರಿಗೆ ಸೇರಿ ತಿಂಗಳಿಗೆ ₹10,400 ದಾಟುತ್ತಿತ್ತು. ರೈಲು, ಪುಡಿ, ಪಾಠ ಎಲ್ಲ ಕೂಡಿದರೂ ಹೆಚ್ಚುಕಡಿಮೆ ಬಡ್ಡಿಗಷ್ಟೇ ಸರಿಹೋದವು.

ಸಿದ್ಧಾಂತ

ಕೊನೆಗೆ ಕೈ ಹೋದದ್ದು ಸರಕ್ಕೆ. 2024ರ ಅಕ್ಷಯ ತೃತೀಯಕ್ಕೆ ಚೆನ್ನೈನಲ್ಲಿ ಗ್ರಾಮಿಗೆ ₹7,000ದ ಒಳಗಿದ್ದ 22 ಕ್ಯಾರೆಟ್ ಚಿನ್ನ 2025ರ ಅಕ್ಟೋಬರ್‌ನಲ್ಲಿ ₹11,000 ದಾಟಿತ್ತು. ಎರಡು ಸವರನ್ನಿನ ಹದಿನಾರು ಗ್ರಾಂ ಗಿರವಿ ಇಟ್ಟರೆ ಬೆಲೆಯ ಮುಕ್ಕಾಲು ಪಾಲು, ₹1,32,000, ತಿಂಗಳಿಗೆ ಶೇ 1ರ ಆಸುಪಾಸಿನ ಬಡ್ಡಿಗೆ ಸಿಕ್ಕಿತು. ಅಷ್ಟನ್ನೂ ಮೂರನೆಯ ಕಾರ್ಡಿಗೆ ಸುರಿದರು. ಆ ಒಂದು ಮಧ್ಯಾಹ್ನದ ಕೆಲಸ ವರ್ಷಗಟ್ಟಲೆಯ ಕಾಫಿತ್ಯಾಗಕ್ಕಿಂತ ದೊಡ್ಡದು. ಉಳಿದದ್ದನ್ನು ರೈಲು, ಪುಡಿ, ಪಾಠಗಳು, ಹಳೆಯ ಕಂತಿನ ದುಡ್ಡೂ ಸೇರಿ, ತಿಂಗಳು ತಿಂಗಳು ತಿಂದು ಮುಗಿಸಿದವು.

ಇದರಿಂದ ಅಕ್ಷಯ ತೃತೀಯ ಪಂಥ ಗೆದ್ದಂತಾಯಿತೆಂದು ತಾಯಿಯವರ ವಾದ. "ನಾನು ಅವತ್ತೇ ಹೇಳ್ಲಿಲ್ವೇನೋ?" ಶಾಸ್ತ್ರ ಇದನ್ನು ಒಪ್ಪದು. ಆ ಹದಿನೇಳು ತಿಂಗಳಲ್ಲಿ ಚಿನ್ನ ನೂರಕ್ಕೆ ಅರವತ್ತರ ಮೇಲೆ ಏರಿತು, ಶೇ 3.75ರ ಚಕ್ರಬಡ್ಡಿಯಲ್ಲಿ ಸಾಲವನ್ನು ಕಟ್ಟದೆ ಬಿಟ್ಟಿದ್ದರೆ ಅದೇ ಅವಧಿಯಲ್ಲಿ ಎಂಬತ್ತೇಳು ಏರುತ್ತಿತ್ತು. ಚಿನ್ನ ಅಷ್ಟು ಜೋರಾಗಿ ಓಡಿದ ಕಾಲದಲ್ಲೂ ಕಾರ್ಡನ್ನು ಹಿಡಿಯಲಿಲ್ಲ. ಈ ಲೆಕ್ಕವನ್ನು ತಾಯಿಯವರ ಮುಂದಿಡುವ ಧೈರ್ಯ ಯಾರಿಗೂ ಬಾರದ್ದರಿಂದ ಆ ಮನೆಯಲ್ಲಿ ಅವರ ಪಂಥವೇ ಪ್ರಚಾರದಲ್ಲಿದೆ. ಗಿರವಿಯಿಂದ ಸರ ಬಿಡಿಸುವುದು ಬೇರೊಂದು ಪ್ರಬಂಧದ ವಸ್ತು.

ಫಲಶ್ರುತಿ

ಬಾಕಿ ಪೂರ್ತಿ ಕಟ್ಟಿದ ಮೇಲೆ ಕಾರ್ಡ್ ಮುಚ್ಚಿ ಎಂದು ಕೇಳಿದರೆ ಬ್ಯಾಂಕು ಏಳು ಕೆಲಸದ ದಿನಗಳೊಳಗೆ ಮುಚ್ಚಬೇಕು. ತಪ್ಪಿದರೆ ಮುಚ್ಚುವವರೆಗೆ ದಿನಕ್ಕೆ ₹500ರಂತೆ ಗ್ರಾಹಕನಿಗೆ ತೆರಬೇಕು. ಇದು 2022ರ ರಿಸರ್ವ್ ಬ್ಯಾಂಕ್ ನಿರ್ದೇಶನ. ಗೃಹಿಣಿ ಇದನ್ನು ಓದಿದ್ದಳು. ಹುಳಿಪುಡಿಯ ಒಂದು ವಾರದ ದುಡಿಮೆ ದಿನವೂ ಕೂತಲ್ಲೇ ಬರುತ್ತದೆಂದು ಕ್ಯಾಲೆಂಡರಿನಲ್ಲಿ ಭಾನುವಾರ ಬಿಟ್ಟು ಏಳು ಗುರುತು ಹಾಕಿ, ಎಂಟನೆಯ ದಿನಕ್ಕೆ ಸುತ್ತು ಬರೆದು, ಮೂರನೆಯ ಕಾರ್ಡಿಗೆ ಅರ್ಜಿ ಹಾಕಿಸಿದಳು. ನಾಲ್ಕು ದಿನ ಬ್ಯಾಂಕಿನಿಂದ ಸುದ್ದಿಯಿಲ್ಲ. ಐದನೆಯ ದಿನವೂ ಇಲ್ಲ. ಆರನೆಯ ದಿನ ಸಂಜೆ, ಮನೆಯವರೆಲ್ಲ ಗೆಲುವಿನಲ್ಲಿದ್ದಾಗ, ಖಾತೆ ಮುಚ್ಚಲಾಗಿದೆ ಎಂಬ ಮೆಸೇಜು ಬಂತು.

"ನೋಡಿದ್ರಾ," ಎಂದಳು ಗೃಹಿಣಿ, "ನಮ್ಮ ದುಡ್ಡು ಬರೋ ಕಡೆ ಮಾತ್ರ ಇವರಿಗೆ ಎಲ್ಲಿಲ್ಲದ ಶಿಸ್ತು."