ಎಣ್ಣೆ ಕೈಯವರು, ಬಿಳಿ ಪ್ಯಾಂಟಿನವರು

ಬೈಕು ಕೊಳ್ಳಲು ಹೋದವರು ಮೊದಲು ಟ್ಯಾಂಕು ಸವರುತ್ತಾರೆ, ಆಮೇಲೆ ಸೈಲೆನ್ಸರಿನ ಸದ್ದಿಗೆ ತಲೆದೂಗುತ್ತಾರೆ. ಇಪ್ಪತ್ತು ಲಕ್ಷದ ಗಾಡಿಯ ಮುಂದೆ ನಿಂತೂ ‘ಮೈಲೇಜ್ ಎಷ್ಟು ಕೊಡುತ್ತೆ?’ ಎಂದು ಕೇಳುವ ಧೀರರು ನಮ್ಮಲ್ಲಿದ್ದಾರೆ; ಅವರ ಮೇಲೆ ನನಗೆ ಗೌರವವೇ ಇದೆ. ಆದರೆ ಇಂಜಿನ್ನಿನಲ್ಲಿ ಹುಟ್ಟಿದ ಶಕ್ತಿ ಯಾವ ದಾರಿ ಹಿಡಿದು ಹಿಂದಿನ ಚಕ್ರ ಸೇರುತ್ತದೆ ಎಂದು ಬಗ್ಗಿ ನೋಡುವವರು ಅಪರೂಪ. ಬಗ್ಗಿದರೆ ಅಲ್ಲಿ ಚೈನು ಇರುತ್ತದೆ, ಇಲ್ಲವೇ ಬೆಲ್ಟು. (ಶಾಫ್ಟ್ ಎಂಬ ಮೂರನೆಯದೂ ಉಂಟು. ಅದು ಭಾರ, ದುಬಾರಿ, ಬಹುತೇಕ ನಿಶ್ಚಿಂತೆ. ಜಗಳಕ್ಕೆ ಅವಕಾಶವೇ ಇಲ್ಲದ್ದರಿಂದ ಪ್ರಬಂಧಕ್ಕೆ ಒದಗುವುದಿಲ್ಲ.)

ನನ್ನ ಅಣ್ಣನ ಮಗ ಮಾತ್ರ ಬಗ್ಗಿ ನೋಡಿದ. ಹಾರ್ಲೆ ಡೇವಿಡ್‌ಸನ್ ಮೇಲೆ ಅವನಿಗೆ ಮನಸ್ಸು. ನೋಡಿ ಬಂದವನು ಕಂಗಾಲಾಗಿದ್ದ. “ಚಿಕ್ಕಪ್ಪ, ಅಷ್ಟು ದೊಡ್ಡ ಗಾಡಿಗೆ ರಬ್ಬರ್ ಬೆಲ್ಟ್ ಹಾಕಿದ್ದಾರಲ್ಲ, ಹಿಟ್ಟಿನ ಗಿರಣಿಗೆ ಹಾಕಿದ ಹಾಗೆ!”

ಗಿರಣಿಯ ಬೆಲ್ಟು ಚಪ್ಪಟೆ. ಘರ್ಷಣೆಯನ್ನೇ ನಂಬಿ ಓಡುವಂಥದ್ದು. ಜಾರಿತೆಂದರೆ ರಾಳದ ಪುಡಿ ಹಾಕಬೇಕು. ಬೈಕಿನ ಬೆಲ್ಟಿಗೆ ಒಳಮೈಯಲ್ಲಿ ಹಲ್ಲುಗಳಿವೆ, ಹೊಟ್ಟೆಯೊಳಗೆ ಕೆವ್ಲಾರ್‌ನಂಥ ಅರಾಮಿಡ್ ನೂಲೋ ಕಾರ್ಬನ್ ನೂಲೋ ಇದೆ. ಹಲ್ಲು ಪುಲ್ಲಿಗೆ ಕಚ್ಚಿಕೊಳ್ಳುತ್ತದೆ, ನೂಲು ಹಿಗ್ಗುವುದಿಲ್ಲ. 350 ಕೆಜಿ ಮೀರುವ ಗಾಡಿಯನ್ನು, ಮೇಲೆ ಗಂಡ ಹೆಂಡತಿ ಲಗೇಜು ಸಮೇತ, ಅದು ಸದ್ದಿಲ್ಲದೆ ಎಳೆಯುತ್ತದೆ. ಅವನು ನಂಬಲಿಲ್ಲ. ಅವನ ತಲೆಮಾರಿನವರು ಕೈಯಲ್ಲಿ ಮುಟ್ಟದ ಕ್ಲೌಡನ್ನು ನಂಬುತ್ತಾರೆ, ಬೆರಳಲ್ಲಿ ಒತ್ತಿ ನೋಡಬಹುದಾದ ಬೆಲ್ಟನ್ನು ನಂಬುವುದಿಲ್ಲ.

ಹಾಗೆಂದು ಅವನ ಅನುಮಾನ ಹೊಸದೇನಲ್ಲ. ಶುರುವಿನ ಹಾರ್ಲೆಗಳೆಲ್ಲ ಚರ್ಮದ ಬೆಲ್ಟಿನವೇ. ಮಳೆ ಬಂದರೆ ಚರ್ಮ ಜಾರುತ್ತಿತ್ತು, ಏರು ಬಂದರೆ ಇನ್ನಷ್ಟು ಜಾರುತ್ತಿತ್ತು. ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ರೇಸನ್ನು 1911ರಲ್ಲಿ ಮೊದಲ ಬಾರಿಗೆ ಬೆಟ್ಟದ ದಾರಿಗೆ ಹತ್ತಿಸಿದರು. ಅಮೆರಿಕದ ‘ಇಂಡಿಯನ್’ ಕಂಪನಿಯ ಚೈನಿನ ಗಾಡಿಗಳು ಸೀನಿಯರ್ ಟಿಟಿಯ ಮೊದಲ ಮೂರೂ ಸ್ಥಾನ ಹೊಡೆದುಕೊಂಡು ಹೋದವು. ಆಮೇಲೆ ಬೆಲ್ಟಿನ ಪರ ವಾದಿಸುವುದು ಕಷ್ಟವಾಯಿತು. ಹ್ಯಾನ್ಸ್ ರೆನಾಲ್ಡ್ ಮ್ಯಾಂಚೆಸ್ಟರಿನಲ್ಲಿ 1880ರಲ್ಲಿ ರೂಪಿಸಿದ ರೋಲರ್ ಚೈನೇ ಲೋಕವನ್ನಾಳಿತು. ಬೆಲ್ಟು ಹಾರ್ಲೆಗೆ ಮರಳಿ ಬಂದದ್ದು 1980ರಲ್ಲಿ, ‘ಸ್ಟರ್ಜಿಸ್’ ಎಂಬ ಮಾದರಿಯ ಮೂಲಕ. ಈ ಸಲ ಹಲ್ಲು ಕಟ್ಟಿಸಿಕೊಂಡು.

ಶಕ್ತಿ ಹೆಚ್ಚಾದರೆ ಚೈನೇ ಬೇಕು ಎಂಬ ಮಾತು ಅರ್ಧ ನಿಜ. ಕವಾಸಕಿಯ ಎಚ್2ಆರ್ 300 ಅಶ್ವಶಕ್ತಿ ಮೀರಿದ ರೇಸ್ ಟ್ರ್ಯಾಕಿನ ಗಾಡಿ, ಅದಕ್ಕೂ ಚೈನೇ. ಆದರೆ ಕಾರಣ ಬರೀ ಬಲವಲ್ಲ, ಜಾಗ. ಅಷ್ಟು ಬಲ ಹೊರಬೇಕೆಂದರೆ ಬೆಲ್ಟು ಅಗಲವಾಗಬೇಕು, ಪುಲ್ಲಿ ದೊಡ್ಡದಾಗಬೇಕು. ಸಪೂರ ಸೊಂಟದ ರೇಸ್ ಬೈಕಿನಲ್ಲಿ ಅದನ್ನು ಎಲ್ಲಿ ಇಡುವುದು? ಜೊತೆಗೆ, ಚೈನಾದರೆ ಟ್ರ್ಯಾಕಿಗೆ ತಕ್ಕಂತೆ ಸ್ಪ್ರಾಕೆಟ್ಟಿನ ಒಂದು ಹಲ್ಲು ಹೆಚ್ಚಿಸಬಹುದು, ಕಡಿಮೆ ಮಾಡಬಹುದು. ಬೆಲ್ಟಿನವರಿಗೆ ಆ ಸ್ವಾತಂತ್ರ್ಯವಿಲ್ಲ. ಕಂಪನಿ ಕೊಟ್ಟದ್ದೇ ಪ್ರಸಾದ.

ಬೆಲ್ಟಿಗೆ ನಿಜವಾದ ಶತ್ರು ಒಂದು ಚೂರು ಜಲ್ಲಿ. ಪುಲ್ಲಿಗೂ ಬೆಲ್ಟಿಗೂ ನಡುವೆ ಸಿಕ್ಕಿಕೊಂಡರೆ ಬೆಲ್ಟು ತೂತು, ನೂಲು ತುಂಡು. ಇದು ಹಾರ್ಲೆಯವರಿಗೂ ಗೊತ್ತು. 2021ರಲ್ಲಿ ಮಣ್ಣಿನ ಹಾದಿಗೆಂದು ‘ಪ್ಯಾನ್ ಅಮೆರಿಕ’ ತಂದಾಗ ನಲವತ್ತು ವರ್ಷದ ಬೆಲ್ಟಿನ ಪ್ರೀತಿಯನ್ನು ಬದಿಗಿಟ್ಟು ಚೈನು ಹಾಕಿದರು. 2023ರಲ್ಲಿ ಹೀರೋ ಜೊತೆ ಸೇರಿ ನಮ್ಮ ದೇಶಕ್ಕೆಂದು ತಂದ ಎಕ್ಸ್440ಗೂ ಚೈನೇ.

ಇನ್ನು ಚೈನಿನ ಚಾಕರಿ. ಭಾನುವಾರ ಬೆಳಿಗ್ಗೆ ಸೀಮೆಎಣ್ಣೆ, ಹಳೆಯ ಹಲ್ಲುಜ್ಜುವ ಬ್ರಷ್ಷು, ಬನಿಯನ್ ವೇಸ್ಟು, ಆಮೇಲೆ ಲೂಬು. ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದರೆ ಆ ಲೂಬೆಲ್ಲ ರಿಮ್ಮಿನ ಮೇಲೆ, ಉಳಿದದ್ದು ಪ್ಯಾಂಟಿನ ಮೇಲೆ. ಆದರೂ ಈ ಕೆಲಸದಲ್ಲಿ ಒಂದು ಸುಖವಿದೆ. ತಮ್ಮ ಊಟದ ತಟ್ಟೆ ತೊಳೆಯದ ಗಂಡಸರು ಚೈನಿನ ಕೊಂಡಿ ಕೊಂಡಿಯನ್ನೂ ಉಜ್ಜುವುದನ್ನು ನಾನು ಕಂಡಿದ್ದೇನೆ, ಅವರ ಹೆಂಡತಿಯರೂ ಕಂಡಿದ್ದಾರೆ. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಜಾವಾದಲ್ಲಿ ಈ ರಗಳೆ ಎಷ್ಟೋ ಕಡಿಮೆ. ಚೈನಿಗೆ ಪೂರ್ತಿ ಮುಚ್ಚಿದ ಡಬ್ಬಿ; ಧೂಳು ಒಳಗೆ ಹೋಗದು, ಎಣ್ಣೆ ಹೊರಗೆ ಬಾರದು. ಇಷ್ಟು ಜಾಣತನವನ್ನು ದೊಡ್ಡ ಮೋಟಾರ್ ಸೈಕಲ್‌ಗಳ ಲೋಕ ಯಾಕೆ ಕೈಬಿಟ್ಟಿತೋ! ತೂಕ ಎನ್ನುತ್ತಾರೆ, ಫ್ಯಾಷನ್ ಎಂಬುದು ನನ್ನ ಗುಮಾನಿ.

ಬೆಲ್ಟಿಗೆ ಇದ್ಯಾವುದೂ ಬೇಡ. ಎಣ್ಣೆ ಬೇಡ, ಪದೇ ಪದೇ ಟೈಟು ಮಾಡುವುದು ಬೇಡ. ಬಾಳಿಕೆಯೂ ಚೈನಿಗಿಂತ ಎಷ್ಟೋ ಹೆಚ್ಚು. ಧೂಳು ಕೂತಾಗ ಕಿರ್ರೆನ್ನುತ್ತದೆ, ಅಷ್ಟೆ. ಆದರೆ ಹರಿಯಿತೆಂದರೆ? ಶಿರಾಡಿ ಘಾಟಿಯಲ್ಲಿ ಚೈನು ತುಂಡಾದರೆ, ಜೇಬಿನಲ್ಲೊಂದು ಲಿಂಕು ಇದ್ದವನು ಸಕಲೇಶಪುರ ತಲುಪುತ್ತಾನೆ. ಬೆಲ್ಟನ್ನು ಕತ್ತರಿಸಿ ಜೋಡಿಸಲಾಗದು. ದೊಡ್ಡ ಹಾರ್ಲೆಯಾದರೆ ಹೊಸದು ಹಾಕಲು, ಇಂಜಿನ್ನಿನ ಶಕ್ತಿಯನ್ನು ಗೇರ್‌ಬಾಕ್ಸಿಗೆ ಒಯ್ಯುವ ಎಡಗಡೆಯ ಪ್ರೈಮರಿಯನ್ನೂ ಹಿಂದಿನ ಚಕ್ರ ಹಿಡಿದ ಸ್ವಿಂಗ್ ಆರ್ಮನ್ನೂ ಬಿಚ್ಚಬೇಕು. ಅಷ್ಟು ಬಿಚ್ಚಿದ ಮೇಲೆ ಬಿಲ್ಲು ಎಷ್ಟಾಯಿತೆಂದು ಕೇಳಬಾರದು.

ಚೈನೋ ಬೆಲ್ಟೋ ಎಂಬ ಪ್ರಶ್ನೆಗೆ ಬೆಂಗಳೂರಿನಲ್ಲೇ ಎರಡು ಉತ್ತರ ಸಿಕ್ಕಿವೆ. ಏಥರ್ 450 ಸ್ಕೂಟರಿನಲ್ಲಿ ಬೆಲ್ಟು. ಅಲ್ಟ್ರಾವಯಲೆಟ್ಟಿನ ಎಫ್77 ಬೈಕಿನಲ್ಲಿ ಚೈನು. ಎರಡೂ ಬ್ಯಾಟರಿ ಗಾಡಿಗಳು. ಇಂಜಿನ್ನಿನ ಗದ್ದಲವಿಲ್ಲದಲ್ಲಿ ಚೈನಿನ ಗೊಣಗಾಟ ಕಿವಿಗೆ ಬೀಳುತ್ತದೆ ನಿಜ; ಆದರೆ ಸ್ಪೋರ್ಟ್ಸ್ ಬೈಕು ಕೊಂಡವನಿಗೆ ಒಂದಿಷ್ಟು ಸದ್ದಾದರೂ ಬೇಡವೇ?

ಅಣ್ಣನ ಮಗನಿಗೆ ನನ್ನ ತೀರ್ಪು ಹೀಗಿತ್ತು: ನುಣುಪಾದ ಹೆದ್ದಾರಿಯಲ್ಲಿ ದೂರ ದೂರ ಹೋಗುವವನಿಗೆ ಬೆಲ್ಟಿಗಿಂತ ಸುಖ ಇಲ್ಲ. ಆದರೆ ನಮ್ಮಲ್ಲಿ ಆ ನುಣುಪು ರಸ್ತೆ ಎಲ್ಲಿ? ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಿಂದ 2023ರ ಆಗಸ್ಟಿನಲ್ಲೇ ದ್ವಿಚಕ್ರಗಳನ್ನು ಹೊರಗಿಟ್ಟರು. ಇಪ್ಪತ್ತು ಲಕ್ಷದ್ದಾದರೂ ಸರ್ವಿಸ್ ರಸ್ತೆಗೇ ಇಳಿಯಬೇಕು. ಜಲ್ಲಿ ಇರುವುದೂ ಅಲ್ಲೇ. ಹಾಗಾಗಿ ಚೈನು ತೆಗೆದುಕೋ ಎಂದೆ.

ಚೈನಿನವರೆಲ್ಲರಲ್ಲಿ ಒಂದು ವಿನಂತಿ. ಒರೆಸುವಾಗ ಇಂಜಿನ್ ಆಫ್ ಮಾಡಿ, ಗೇರು ನ್ಯೂಟ್ರಲ್ಲಿಗೆ ಹಾಕಿ, ಚಕ್ರವನ್ನು ಕೈಯಿಂದಲೇ ತಿರುಗಿಸಿ. ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿಗೆ ಹೋದರೆ ಯಾವ ಲಿಂಕು ಹಾಕಿಯೂ ಜೋಡಿಸಲಾಗದು.